ಕೋಳಿಯ ಮೂರನೆಯ ಕಾಲು

ಅಡಿಲೇಡಿನಲ್ಲಿದ್ದ ಒಂದು ನಾಯಿ ಸಾಯುವುದನ್ನು ನಾವು ಮೂರು ವರ್ಷ ಕಾದೆವು. ಹೀಗೆಂದರೆ ನಾನು ಕಟುಕಿಯೆಂದು ಯಾರಾದರೂ ತಿಳಿದಾರು. ಆ ನಾಯಿಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ, ಅದರ ಮುಖವನ್ನೇ ನಾನು ನೋಡಿರಲಿಲ್ಲ. ಆದರೆ ಅದು ಸತ್ತ ಮೇಲೆ ನಮ್ಮ ಮನೆಯಲ್ಲಿದ್ದ ಒಂದು ರತ್ನಗಂಬಳಿಯನ್ನು ಅದರ ಒಡತಿಗೆ ಹಿಂದಿರುಗಿಸಬೇಕೆಂದು ಮಾತಾಗಿತ್ತು. ಅಲ್ಲಿಯವರೆಗೆ ಅದನ್ನು ಜೋಪಾನ ಮಾಡುವುದು ನನ್ನ ಕೆಲಸ.

ಎರಡು ಸಾವಿರದ ಹತ್ತರ ದಶಕದ ಮೊದಲ ವರ್ಷಗಳು. ನಾವು ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿದ್ದೆವು. ಗಂಡ ಧಾರವಾಡದವರು, ಭೂವಿಜ್ಞಾನಿ. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ ಇರುತ್ತಿದ್ದರು, ಒಂದು ವಾರ ಮನೆಯಲ್ಲಿ. ಮೈಸೂರಿನವಳಾದ ನಾನು ಮನೆಯಿಂದಲೇ ಒಂದು ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಅಂದರೆ ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ, ಗಂಡನನ್ನು ಕಳೆದುಕೊಂಡ ಇರಾನಿನ ಹೆಂಗಸೊಬ್ಬರಿದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನಾನು ಚಿತ್ರಾನ್ನ ಕೊಟ್ಟರೆ ಅವರು ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ, ಖರ್ಜೂರ ಇಟ್ಟು ಕೊಡುತ್ತಿದ್ದರು. ಖರ್ಜೂರದ ತಟ್ಟೆಯನ್ನು ನಾನು ಬರಿದಾಗಿ ಕೊಡುವುದು ಹೇಗೆ? ಒಂದು ಸ್ಟೀಲ್ ತಟ್ಟೆ ಎರಡು ವರ್ಷ ಬೇಲಿಯ ಆಚೆ ಈಚೆ ಓಡಾಡಿತು.

ಒಂದು ಶನಿವಾರ ಆಂಟಿ ನನ್ನನ್ನು ಒಳಗೆ ಕರೆದು, ಟೀಪಾಯಿಯನ್ನು ಪಕ್ಕಕ್ಕೆ ಎಳೆಸಿ, ಅದರಡಿಯಲ್ಲಿದ್ದ ರತ್ನಗಂಬಳಿ ತೋರಿಸಿದರು. ನಾಲ್ಕಡಿ ಅಗಲ, ಆರಡಿ ಉದ್ದ ಇದ್ದೀತು. ನಡುವೆ ಕೆಂಪು, ಸುತ್ತ ಕಡುನೀಲಿಯ ಅಂಚು, ಅಂಚಿನ ತುಂಬ ಸಾಲಾಗಿ ನಡೆಯುವ ಕೆಂಪು ಕೋಳಿಗಳು. ಅಂಗಡಿಯಲ್ಲಿದ್ದರೆ ನಾನು ಅದನ್ನು ಕೊಳ್ಳುತ್ತಿರಲಿಲ್ಲ. ಒಂದು ತುದಿ ಅಗಲ, ಇನ್ನೊಂದು ಕಿರಿದು, ನಡುವೆ ಸೊಂಟ ಸೊಟ್ಟ. ಕೆಂಪು ಕೂಡ ಒಂದೇ ಕೆಂಪಲ್ಲ, ಪಟ್ಟೆ ಪಟ್ಟೆಯಾಗಿ ಬೇರೆ ಬೇರೆ.

ಅದಕ್ಕೆಲ್ಲ ಕಾರಣವಿತ್ತು. ಆಂಟಿಯದು ಕುರಿಗಳ ಹಿಂದೆ ತಿರುಗುವ ಕುಲ. ಬೇಸಿಗೆಗೆ ಬೆಟ್ಟ, ಚಳಿಗೆ ಬಯಲು. ಮಗ್ಗವೆಂದರೆ ನೆಲಕ್ಕೆ ಹೊಡೆದ ನಾಲ್ಕು ಗೂಟ, ಎರಡು ಅಡ್ಡಮರ. ಹಾಸುದಾರವನ್ನು ಅವುಗಳ ನಡುವೆ ಎಳೆದು ಕಟ್ಟಿ, ನೇಯ್ದ ಭಾಗದ ಮೇಲೆಯೇ ಕೂತು ಮುಂದಕ್ಕೆ ಸರಿಯುತ್ತ ನೇಯುತ್ತಿದ್ದರಂತೆ. ಎರಡು ಹಾಸುದಾರಕ್ಕೆ ಉಣ್ಣೆ ಸುತ್ತಿ, ಎಳೆದು, ಚಾಕುವಿನಿಂದ ಕತ್ತರಿಸಿದರೆ ಒಂದು ಗಂಟು. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕುದಾರ ಹಾಯಿಸಿ ಕಬ್ಬಿಣದ ಹಣಿಗೆಯಿಂದ ಕುಟ್ಟಬೇಕು. ಗುಂಪು ಹೊರಟಿತೆಂದರೆ ಗೂಟ ಕಿತ್ತು, ಅರೆ ನೇಯ್ದದ್ದನ್ನು ಸುತ್ತಿ ಕತ್ತೆಯ ಮೇಲೆ ಹೇರಿ, ಮುಂದಿನ ಬೀಡಿನಲ್ಲಿ ಮತ್ತೆ ಗೂಟ ಹೊಡೆಯುವುದು. ಗೂಟ ಪ್ರತಿ ಸಲ ಅಷ್ಟೇ ಬಿಗಿಯಾಗಿ ಬೀಳುವುದಿಲ್ಲ, ಆದ್ದರಿಂದ ಸೊಂಟ ಸೊಟ್ಟ. ಬಣ್ಣಕ್ಕೆ ಮಂಜಿಷ್ಠದ ಬೇರು ಕುದಿಸುವ ನೀರು ಊರೂರಿಗೆ ಬೇರೆ, ಆದ್ದರಿಂದ ಕೆಂಪು ಪಟ್ಟೆ ಪಟ್ಟೆ.

ಆಮೇಲೆ ಆಂಟಿ ಮಂಡಿಯೂರಿ ಒಂದು ಮೂಲೆಯ ಕೋಳಿಯನ್ನು ತೋರಿಸಿದರು. ಅದಕ್ಕೆ ಮೂರು ಕಾಲು. ಮೂರನೆಯದು ಹೊಟ್ಟೆಯಿಂದ ಓರೆಯಾಗಿ ಹೊರಟು, ನೆಲ ಮುಟ್ಟುವ ಮೊದಲೇ ನಿಂತುಹೋಗಿತ್ತು.

“ಇದು ನನ್ನ ತಂಗಿ ಮಾಡಿದ್ದು,” ಎಂದರು. “ನನಗೆ ಹತ್ತು, ಅವಳಿಗೆ ಆರು. ಅಮ್ಮ ಅವಳಿಗೆ ಒಂದೇ ಒಂದು ಕೋಳಿ ಕೊಟ್ಟಳು. ಮೂರು ಕಾಲು ಯಾಕೆ ಅಂತ ಕೇಳಿದರೆ, ಬೇಗ ಓಡಲಿ ಅಂತ ಅಂದಳು.”

ಆ ಚಳಿಗಾಲದಲ್ಲಿ ದಾರಿಯಲ್ಲಿಯೇ ಆ ಮಗು ಜ್ವರ ಬಂದು ತೀರಿಹೋಯಿತಂತೆ. ಎಲ್ಲಿ ಮಣ್ಣು ಮಾಡಿದರೆಂದು ಈಗ ತೋರಿಸಬಲ್ಲವರು ಯಾರೂ ಇಲ್ಲ. “ಅವಳದು ಒಂದು ಫೋಟೋ ಇಲ್ಲ,” ಎಂದರು ಆಂಟಿ. “ಈ ಕಾಲಿದೆ.” ನಾನು, ಕೋಳಿ ಬಹಳ ಚೆನ್ನಾಗಿದೆ ಎಂದೆ.

ಆಂಟಿ ಮನೆ ಮಾರಿ ಅಡಿಲೇಡಿನ ಮಗನ ಮನೆಗೆ ಹೊರಟಿದ್ದರು. ಆ ಮನೆಯಲ್ಲಿ ಒಂದು ಮುದಿ ಲ್ಯಾಬ್ರಡಾರ್ ಇತ್ತು. ಉಣ್ಣೆಯ ವಾಸನೆ ಬಂದರೆ ಸಾಕು, ಅದು ಹೋಗಿ ಕಾಲೆತ್ತುತ್ತಿತ್ತು. ಸೊಸೆಯ ಎರಡು ಕಂಬಳಿ, ಮಗನ ಒಂದು ಕೋಟು, ಅತಿಥಿಯೊಬ್ಬರ ಟೋಪಿ ಹೀಗೆ ಹಾಳಾಗಿದ್ದವು. “ನಾಯಿಗೆ ಹನ್ನೆರಡು ವರ್ಷ. ಇನ್ನು ಒಂದು ವರ್ಷ ಇರಬಹುದು. ಅಲ್ಲಿತನಕ ಇದು ನಿನ್ನ ಹತ್ತಿರ ಇರಲಿ,” ಎಂದರು. ಸುತ್ತಿ ಇಡಬಾರದು, ನುಸಿ ಹಿಡಿಯುತ್ತದೆ. ಹಾಸಿ, ಕೂರಿ, ಚಪ್ಪಲಿ ಮಾತ್ರ ಬೇಡ. ನಾನು ಒಪ್ಪಿದೆ. ಗಣಿಯ ಎರಡು ವಾರ ಮುಗಿಸಿ ಬಂದ ಗಂಡ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಜೇಬಿನ ಭೂತಗನ್ನಡಿ ತೆಗೆದು, ಕೆಂಪು ಪಟ್ಟೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ, “ಹನ್ನೊಂದು ಪದರ ಇದೆ ಕಣೇ,” ಎಂದು ಸಂತೋಷಪಟ್ಟರು. ಮೂರು ಕಾಲಿನ ಕೋಳಿಯ ಕತೆ ಹೇಳಿದೆ. ಅದನ್ನು ಮರುದಿನವೇ ಮರೆತರು. ನಾನು ಮಾತ್ರ ಆ ಕೋಳಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡೆ.

ನಾಯಿ ಸಾಯಲಿಲ್ಲ. ಒಂದು ವರ್ಷ ಕಳೆಯಿತು. ಗಣಿಯ ಕೆಲಸ ಕುಸಿದು ನಾವೇ ಪರ್ತ್ ಬಿಟ್ಟು ಬ್ರಿಸ್ಬೇನಿನ ಟೂವಾಂಗ್‌ಗೆ ಬಂದೆವು. ಗಂಡನಿಗೆ ಈ ಸಲ ಕಲ್ಲಿದ್ದಲು. ರತ್ನಗಂಬಳಿ ನಮ್ಮ ಜೊತೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಲಾರಿಯಲ್ಲಿ ಬಂತು. ಎರಡು ಮೂರು ತಿಂಗಳಿಗೊಮ್ಮೆ ಆಂಟಿ ಫೋನ್ ಮಾಡಿ ನಾಯಿಯ ಆರೋಗ್ಯದ ವರದಿ ಕೊಡುತ್ತಿದ್ದರು. ಸೊಂಟ ನೋವು. ಕಣ್ಣಿನ ಪೊರೆ. ಹೊಟ್ಟೆಯಲ್ಲಿ ಗೆಡ್ಡೆ, ಆಪರೇಷನ್ ನಾಡಿದ್ದು. ನಾನು ಗಂಬಳಿಯನ್ನು ಗುಡಿಸಿ ಸಿದ್ಧವಾಗಿಟ್ಟೆ. ವಾರದ ನಂತರ ಮತ್ತೆ ಫೋನ್ ಬಂತು: ಆಪರೇಷನ್ ಯಶಸ್ವಿ, ನಾಯಿ ಮೊದಲಿಗಿಂತ ಚುರುಕಾಗಿದೆ, ನಿನ್ನೆ ಸೋಫಾ ಮೇಲೂ ಮಾಡಿತು. ಆಂಟಿಯ ದನಿಯಲ್ಲಿ ಬೇಸರವೂ ಇತ್ತು, ಹೆಮ್ಮೆಯೂ ಇತ್ತು. ದಿನವಿಡೀ ಅದರ ಜೊತೆಗೆ ಇರುತ್ತಿದ್ದವರು ಅವರೊಬ್ಬರೇ.

ಮೂರನೆಯ ವರ್ಷ ಅತ್ತೆ ಧಾರವಾಡದಿಂದ ಆರು ತಿಂಗಳಿಗೆಂದು ಬಂದರು.

ಅತ್ತೆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ, ಕಸೂತಿ ಕಲಿಸಿದವರು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರ ಎಲ್ಲಿ ಹೊರಟಿತು, ಎಲ್ಲಿ ಮುಗಿಯಿತು ತಿಳಿಯಬಾರದು. ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಮದುವೆಯಾದ ಹೊಸತರಲ್ಲಿ ನಾನು ಒಂದು ಕರವಸ್ತ್ರಕ್ಕೆ ಕಸೂತಿಯಲ್ಲಿ ಗೋಪುರ ಹಾಕಿ ಅವರಿಗೆ ಕೊಟ್ಟಿದ್ದೆ. ಅವರು ಅದನ್ನು ತಿರುಗಿಸಿ ನೋಡಿ, ಮತ್ತೆ ನೆಟ್ಟಗೆ ಮಡಚಿ, “ಮಾರಿ ಛಂದದ,” ಎಂದಿದ್ದರು. ಅಂದರೆ ಮುಖ ಚೆಂದ. ಬೆನ್ನಿನ ವಿಚಾರ ಒಂಬತ್ತು ವರ್ಷವಾದರೂ ಎತ್ತಿರಲಿಲ್ಲ. ಎತ್ತಿದ್ದರೆ ಒಂದು ಸಲ ಜಗಳವಾಡಿ ಮುಗಿಸುತ್ತಿದ್ದೆ.

ನಮ್ಮ ಮನೆಗೆ ಬಂದವರೇ ಅವರು ಮೊದಲು ಮಾಡಿದ ಕೆಲಸ ರತ್ನಗಂಬಳಿಯ ಮೂಲೆ ಹಿಡಿದು ತಿರುಗಿಸಿದ್ದು.

“ಏನವಾ ಇದು? ಬರೇ ಗಂಟಽ ಅವಲ್ಲ!”

“ಅತ್ತೆ, ಕಾರ್ಪೆಟ್ ಅಂದ್ರೇನೇ ಗಂಟು. ಇದ್ರಲ್ಲಿ ಲಕ್ಷಗಟ್ಟಲೆ ಇರತ್ತೆ.”

“ಅಂದ್ರ ಲಕ್ಷ ತಪ್ಪು ಮಾಡಿ ಒಂದು ಕಂಬಳಿ ಮಾಡ್ಯಾರ ಅಂತಾತು. ನಮ್ಮ ನವಲಗುಂದದ ಜಮಖಾನಿ ನೋಡು, ಯಾವ ಕಡೆ ಹಾಸಿದ್ರೂ ನಡೀತದ.”

ಆದರೂ ಉಣ್ಣೆ ಎಂದು ತಿಳಿದ ಮೇಲೆ ಅವರ ಮನಸ್ಸು ಕರಗಿತು. ಉಣ್ಣೆಗೆ ಮೈಲಿಗೆಯಿಲ್ಲ. ಜಪಕ್ಕೆ ಕೂರಲು ಬಾಡಿಗೆ ಮನೆಯ ನೆಲಕ್ಕಿಂತ ಇದು ಎಷ್ಟೋ ಮೇಲು. ತೊಡಕಾದದ್ದು ಕೋಳಿ. ಕೋಳಿಯ ಚಿತ್ರವಿರುವ ಆಸನದ ಮೇಲೆ ಕೂತು ವಿಷ್ಣುವನ್ನು ನೆನೆಯಬಹುದೇ? ಎರಡು ದಿನ ಯೋಚಿಸಿ ಅತ್ತೆಯೇ ತೀರ್ಪು ಕೊಟ್ಟರು.

“ಕೋಳಿ ಹೊರಗ ಅವ, ನಾ ಒಳಗ ಕೂಡ್ತೀನಿ. ನಮ್ಮ ಓಣ್ಯಾಗ ಕೋಳಿ ಇರೂದಿಲ್ಲೇನು?”

ಇಲ್ಲಿ ನಾನು ಒಂದು ಜಾಣತನ ಮಾಡಿದೆ. ಇದು ಬೇರೆಯವರದು, ಜೋಪಾನ ಎಂದಷ್ಟೇ ಅತ್ತೆಗೆ ಹೇಳಿದೆ. ಸತ್ತ ಮಗುವಿನ ಕತೆ ಹೇಳಲಿಲ್ಲ. ಹೇಳಿದ್ದರೆ ಅವರು ಅದರ ಮೇಲೆ ಕೂರುತ್ತಿರಲಿಲ್ಲ, ನನಗೂ ಕೂರಲು ಬಿಡುತ್ತಿರಲಿಲ್ಲ, ಹೊಸ ಆಸನಕ್ಕಾಗಿ ಊರೆಲ್ಲ ಸುತ್ತಿಸುತ್ತಿದ್ದರು. ನನ್ನ ಸೋಮಾರಿತನಕ್ಕೆ ಜಾಣತನ ಎಂದು ಹೆಸರಿಟ್ಟುಕೊಂಡಿದ್ದೆ.

ದಿನಾ ಬೆಳಿಗ್ಗೆ ಅತ್ತೆ ಗಂಬಳಿಯ ನಡುವೆ ಕೂತು, ಕಣ್ಣು ಅರೆ ಮುಚ್ಚಿ ಜಪಮಣಿ ತಿರುಗಿಸುತ್ತಿದ್ದರು. ಅರೆ ಮುಚ್ಚಿದ ಕಣ್ಣು ಬೀಳುತ್ತಿದ್ದುದು ಅಂಚಿನ ಕೋಳಿಗಳ ಮೇಲೆ. ನಾಲ್ಕನೆಯ ದಿನ, “ಒಂದು ಕೋಳಿಗೆ ಮೂರು ಕಾಲದಾವ,” ಎಂದರು. ಆರನೆಯ ದಿನ, “ಆ ಕೋಳಿ ನನ್ನ ಜಪಾ ಕೆಡಸ್ತದ,” ಎಂದರು. ನಾನು ಗಣಿಗೆ ಫೋನ್ ಮಾಡಿ ಗಂಡನಿಗೆ ದೂರಿದೆ.

“ಅಮ್ಮನ ಜೊತೆ ವಾದ ಮಾಡ್ಬೇಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಪೈಕಿ ಅವಳು,” ಎಂದರು ಅವರು.

“ಮೊಲಕ್ಕೆ ಮೂರು ಕಾಲು ಒಪ್ಪೋರು ಕೋಳಿಗೆ ಯಾಕ್ರೀ ಒಪ್ಪಲ್ಲ?” ಎಂದೆ. ಸಿಗ್ನಲ್ ಹೋಯಿತು. ನನ್ನ ಸಂಸಾರದ ಒಳ್ಳೆಯ ಪ್ರಶ್ನೆಗಳೆಲ್ಲ ಸಿಗ್ನಲ್ ಹೋದ ಮೇಲೆಯೇ ಕೇಳಿದವು.

ಮರುವಾರ ನಾನು ಅಪರೂಪಕ್ಕೆ ಮೀಟಿಂಗಿಗೆಂದು ಆಫೀಸಿಗೆ ಹೋಗಿದ್ದ ಒಂದು ಮಂಗಳವಾರ ಅತ್ತೆ ಕೋಳಿಗೆ ಆಪರೇಷನ್ ಮಾಡಿದರು. ನನ್ನ ಹುಬ್ಬು ಕೀಳುವ ಚಿಮಟದಿಂದ ಮೂರನೆಯ ಕಾಲಿನ ಗಂಟುಗಳನ್ನು ಒಂದೊಂದಾಗಿ ಹಿರಿದರು. ಮಗನ ಹಳೆಯ ನೀಲಿ ಸ್ವೆಟರಿನ ತೋಳು ಬಿಚ್ಚಿ, ಆ ಉಣ್ಣೆಯನ್ನು ಸೂಜಿಗೆ ಪೋಣಿಸಿ, ಪಕ್ಕದ ಗಂಟು ಹೇಗಿದೆಯೆಂದು ನೋಡಿ ನೋಡಿ ಅದೇ ಥರ ಸುತ್ತಿ, ಕತ್ತರಿಸಿ ಸಮ ಮಾಡಿದರು. ಜೀವಮಾನವಿಡೀ ಗಂಟನ್ನು ಪಾಪವೆಂದು ತಿಳಿದಿದ್ದ ಹೆಂಗಸು ಒಂದು ಮಧ್ಯಾಹ್ನದಲ್ಲಿ ಇರಾನಿನ ಗಂಟು ಕಲಿತುಬಿಟ್ಟಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಕೈಹಿಡಿದು ಎಳೆದುಕೊಂಡು ಹೋದರು.

“ಹುಡಕು ನೋಡೋಣ, ಯಾವ ಕೋಳಿ ಅಂತ!”

ನಾನು ಮಂಡಿಯೂರಿ ಹುಡುಕಿದೆ. ಎಲ್ಲ ಕೋಳಿಗಳಿಗೂ ಎರಡೆರಡು ಕಾಲು. ನಾನು ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು, ನನಗೆ ಸಿಗಲಿಲ್ಲ. ಹಿಂದೆ ತಿರುಗಿಸಿದೆ, ಅಲ್ಲಿಯೂ ಗುರುತಿಲ್ಲ. ಗಂಬಳಿಯ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ಮೊದಲು ಅದನ್ನು ಆನಂದಬಾಷ್ಪ ಎಂದುಕೊಂಡು ನನ್ನ ಬೆನ್ನು ಸವರಿದರು.

ಆಮೇಲೆ ಎಲ್ಲ ಹೇಳಿದೆ. ಆರು ವರ್ಷದ ಮಗು, ಜ್ವರ, ಫೋಟೋ ಇಲ್ಲದ್ದು. ಅತ್ತೆ ನನ್ನ ಬೆನ್ನ ಮೇಲಿದ್ದ ಕೈ ತೆಗೆದರು.

“ನನಗ ಯಾಕ ಹೇಳ್ಲಿಲ್ಲ ನೀ?”

“ಹೇಳಿದ್ರೆ ನೀವು ಇದ್ರ ಮೇಲೆ ಕೂರ್ತಿರ್ಲಿಲ್ಲ.”

“ಕೂಡ್ತಿರ್ಲಿಲ್ಲ, ಖರೆ. ಆದ್ರ ಕಾಲು ಉಳೀತಿತ್ತಲ್ಲವಾ.”

ಕಿತ್ತ ಉಣ್ಣೆ ಎಲ್ಲಿ ಎಂದು ಕೇಳಿದೆ. ಬೆಳಿಗ್ಗೆ ಕಿತ್ತದ್ದನ್ನು ಕಸದ ಡಬ್ಬಿಗೆ ಹಾಕಿದ್ದರು, ಮಧ್ಯಾಹ್ನ ಕಸದ ಲಾರಿ ಬಂದುಹೋಗಿತ್ತು. ಉಳಿದದ್ದನ್ನು ವ್ಯಾಕ್ಯೂಮ್‌ನಿಂದ ಎಳೆದಿದ್ದರು. ಅತ್ತೆ ಸೊಸೆ ಇಬ್ಬರೂ ವ್ಯಾಕ್ಯೂಮ್ ಚೀಲ ಬಿಚ್ಚಿ, ಆ ಧೂಳನ್ನು ರವೆ ಜರಡಿಯಲ್ಲಿ ಜರಡಿ ಹಿಡಿದೆವು. ಕೆಂಪಾದದ್ದೇನೋ ಒಂದು ಸಿಕ್ಕಿತು. ಕುಂಕುಮ ಹತ್ತಿದ ಹತ್ತಿ. ಅತ್ತೆ ಆ ದಿನ ಊಟ ಮಾಡಲಿಲ್ಲ.

ಇನ್ನು ನಮ್ಮ ಆಸೆಯೆಲ್ಲ ಆ ನಾಯಿಯ ಮೇಲೆ. ಅದು ಬದುಕಿರುವಷ್ಟು ದಿನ ಗಂಬಳಿ ಕೊಡಬೇಕಿಲ್ಲ, ಗಂಬಳಿ ಕೊಡುವವರೆಗೆ ಆಂಟಿಗೆ ತಂಗಿಯ ಕಾಲು ಇದ್ದೇ ಇರುತ್ತದೆ. ಅತ್ತೆ ನಾಯಿಯ ಹೆಸರು ಕೇಳಿ ಬರೆದುಕೊಂಡರು. ದಿನಾ ದೇವರ ಮುಂದೆ ಅದರ ಹೆಸರು ಹೇಳಿ, ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎಂಬ ವಾಡಿಕೆಯಂತೆ ಲ್ಯಾಬ್ರಡಾರಿಗೆ ಕಾಶ್ಯಪ ಗೋತ್ರ ಕೊಟ್ಟು, ಆಯುಷ್ಯ ಆರೋಗ್ಯ ಬೇಡಿಕೊಂಡು ಮೃತ್ಯುಂಜಯ ಜಪ ಶುರುಮಾಡಿದರು. ಈಗ ಕೂರುತ್ತಿದ್ದುದು ಬರೀ ನೆಲದ ಮೇಲೆ. ಮೂರು ವರ್ಷ ಅದರ ಸಾವಿಗೆ ಕಾದಿದ್ದ ನಾನು ಗಂಟೆ ಬಾರಿಸಿದೆ.

ಜಪ ಒಂದು ಕಡೆ, ಕೆಲಸ ಒಂದು ಕಡೆ. ಫೋನಿನಲ್ಲಿದ್ದ ಫೋಟೋ ನೋಡಿ ಕಾಲನ್ನು ಮತ್ತೆ ಮಾಡುವುದೆಂದು ತೀರ್ಮಾನಿಸಿದೆವು. ಕೆಂಪು ಉಣ್ಣೆ ಬೇಕಲ್ಲ? ಹೆಣಿಗೆ ಅಂಗಡಿಯ ಕೆಂಪೆಲ್ಲ ಕ್ರಿಕೆಟ್ ಚೆಂಡಿನ ಕೆಂಪು. ಕೊನೆಗೆ ಇಂಡಿಯನ್ ಅಂಗಡಿಯಲ್ಲಿ ಮುಖಕ್ಕೆ ಹಚ್ಚುವ ಮಂಜಿಷ್ಠದ ಪುಡಿ ಸಿಕ್ಕಿತು. “ಮದುವೆ ಇದೆಯಾ ಮನೇಲಿ?” ಎಂದು ಅಂಗಡಿಯವರು ಕೇಳಿದರು, ನಾಲ್ಕು ಡಬ್ಬಿ ಒಟ್ಟಿಗೆ ತೆಗೆದುಕೊಂಡಿದ್ದೆ. ಬಿಳಿ ಉಣ್ಣೆಯನ್ನು ಪಟಿಕದ ನೀರಿನಲ್ಲಿ ನೆನೆಸಿ, ಸಾರಿನ ಪಾತ್ರೆಯಲ್ಲಿ ಮಂಜಿಷ್ಠದ ಜೊತೆ ಕುದಿಸಿದೆವು. ಮೊದಲ ಸಲ ಇಟ್ಟಿಗೆಯ ಬಣ್ಣ, ಎರಡನೆಯ ಸಲ ಹಸಿ ಕ್ಯಾರೆಟ್. ಐದನೆಯ ಸಲ ಹನ್ನೊಂದು ಪದರಗಳಲ್ಲಿ ಒಂದಕ್ಕೆ ಹತ್ತಿರದ ಕೆಂಪು ಬಂತು. ಆ ಪಾತ್ರೆಯಲ್ಲಿ ಆಮೇಲೆ ಯಾರೂ ಸಾರು ಮಾಡಲಿಲ್ಲ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಅತ್ತೆಗೆ ತಪ್ಪು ಮಾಡಲು ಬರುತ್ತಿರಲಿಲ್ಲ. ಫೋಟೋ ಎದುರಿಗಿಟ್ಟುಕೊಂಡು ಕಾಲು ಹಾಕಿದರೆ ಅದು ನೆಟ್ಟಗೆ, ಉಗುರು ಸಮೇತ, ಉಳಿದೆರಡು ಕಾಲಿಗಿಂತ ಸುಂದರವಾಗಿ ಬರುತ್ತಿತ್ತು. ಬಿಚ್ಚಿ ಮತ್ತೆ ಹಾಕಿದರು. ಓರೆಯಾಗಿ ಹೊರಟ ಕಾಲು ನಡುವೆಯೇ ತಿದ್ದಿಕೊಂಡು ನೆಲ ಮುಟ್ಟುತ್ತಿತ್ತು. ಎಡಗೈಯಲ್ಲಿ ಹಾಕಿದರು. ಕನ್ನಡಕ ತೆಗೆದು ಹಾಕಿದರು. ಶನಿವಾರ ಮನೆಯಲ್ಲಿದ್ದ ಗಂಡ ನೋಡಿ, “ಅವ್ವಾ, ಇದು ತಪ್ಪಲ್ಲ, ಡಿಸೈನ್ ಆಗೇದ. ಮುಂದ ಎಲ್ಲಾ ಕೋಳಿಗೂ ಮೂರು ಕಾಲು ಬೇಕು ಅಂತಾರ ಮಂದಿ,” ಎಂದರು. ಅತ್ತೆ ಸೂಜಿ ಕೆಳಗಿಟ್ಟು ನನ್ನ ಕಡೆ ನೋಡಿದರು.

“ನೀ ಹಾಕು,” ಎಂದರು.

ನಾನು ಹಾಕಿದೆ. ಚೆನ್ನಾಗಿಯೇ ಹಾಕಬೇಕೆಂದು, ನಾಲಿಗೆ ಕಚ್ಚಿಕೊಂಡು, ಮನಸ್ಸಿಟ್ಟು ಹಾಕಿದೆ. ಹತ್ತೊಂಬತ್ತು ಗಂಟು ಮುಗಿಯುವ ಹೊತ್ತಿಗೆ ಕಾಲು ಹೊಟ್ಟೆಯಿಂದ ಓರೆಯಾಗಿ ಹೊರಟು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತ್ತು. ಫೋಟೋದಲ್ಲಿದ್ದಂತೆಯೇ. ಅತ್ತೆ ಗಂಬಳಿಯನ್ನು ತಿರುಗಿಸಿ ಹಿಂದೆ ನೋಡಿದರು.

“ಅಯ್ಯ, ಎಷ್ಟು ಹೊಲಸ ಆಗೇದ!” ಎಂದು ನನ್ನ ಗಲ್ಲ ಹಿಡಿದು, “ಭಾಳ ಛಂದ ಹಾಕೀದಿ ನೋಡವಾ,” ಎಂದರು. ಒಂಬತ್ತು ವರ್ಷದಲ್ಲಿ ನನ್ನ ಕೈಕೆಲಸಕ್ಕೆ ಅವರಿಂದ ಸಿಕ್ಕ ಮೊದಲ ಹೊಗಳಿಕೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಹತ್ತು ದಿನಕ್ಕೆ ಅಡಿಲೇಡಿನಿಂದ ಫೋನ್ ಬಂತು. ಕಾಶ್ಯಪ ಗೋತ್ರದ ನಾಯಿ ಬೆಳಿಗ್ಗೆ ತಿಂಡಿ ತಿಂದು, ಬಿಸಿಲಿನಲ್ಲಿ ಮಲಗಿ, ಏಳಲಿಲ್ಲ. ಆಂಟಿ ಅಳುತ್ತಿದ್ದರು. ಆಂಟಿ ಈಚೆಗಷ್ಟೇ ಆ ನಾಯಿಯನ್ನೂ ಕರೆದುಕೊಂಡು ಮಗನ ಮನೆ ಬಿಟ್ಟು ಬೆಡ್‌ಫರ್ಡ್ ಪಾರ್ಕ್‌ನಲ್ಲಿ, ದೊಡ್ಡಾಸ್ಪತ್ರೆಯ ಹತ್ತಿರ ಸ್ವಂತಕ್ಕೆ ಒಂದು ಕೋಣೆ ಮಾಡಿಕೊಂಡಿದ್ದರು. “ಇನ್ನು ಅದನ್ನು ತಂದುಕೊಡು. ಮನೆಯಲ್ಲಿ ಯಾರೂ ಇಲ್ಲ ಅನ್ನಿಸುತ್ತಿದೆ,” ಎಂದರು.

ಗಂಡ ಗಣಿಯಿಂದಲೇ ಟಿಕೆಟ್ ಮಾಡಿಸಿ, “ಶುಕ್ರವಾರ ಆರ್ವೋ ಫ್ಲೈಟು, ಇಬ್ರೂ ಹೋಗ್ಬಿಟ್ಟು ಬನ್ನಿ,” ಎಂದರು. ಮಧ್ಯಾಹ್ನಕ್ಕೆ ಗಣಿಯವರೆಲ್ಲ ಆರ್ವೋ ಎನ್ನುತ್ತಾರೆ. ವಿಮಾನದಲ್ಲಿ ನಾನು ಅತ್ತೆಯಿಂದ ಮಾತು ತೆಗೆದುಕೊಂಡೆ: ಏನೂ ಹೇಳಕೂಡದು. ಅವರಿಗೆ ಎಪ್ಪತ್ತೈದರ ಮೇಲೆ, ಕಣ್ಣೂ ಮಂದವಾಗಿದೆಯಂತೆ, ಕಾಲು ಫೋಟೋದಲ್ಲಿದ್ದ ಹಾಗೆಯೇ ಇದೆ, ಸತ್ಯ ಹೇಳಿ ಯಾರಿಗೆ ಏನು ಬಂತು? ಅತ್ತೆ ಕಿಟಕಿಯ ಹೊರಗೆ ನೋಡುತ್ತ ಹ್ಞೂಂ ಎಂದರು.

ಆಂಟಿಯ ಕೋಣೆಯ ಗೋಡೆಯ ಮೇಲೆ ನಾಯಿಯ ಹನ್ನೊಂದು ಫೋಟೋಗಳಿದ್ದವು. ನಾಯಿ ಸಮುದ್ರದಲ್ಲಿ, ನಾಯಿ ಟೋಪಿ ಹಾಕಿಕೊಂಡು, ನಾಯಿ ಹುಟ್ಟುಹಬ್ಬದ ಕೇಕಿನ ಮುಂದೆ. ನಾವು ಮಂಚದ ಪಕ್ಕ ಗಂಬಳಿ ಹಾಸಿದೆವು. ಆಂಟಿ ನೆಲಕ್ಕೆ ಕೂತು, ನೇರ ಆ ಮೂಲೆಗೆ ಸರಿದರು, ಆದರೆ ಕೋಳಿಯನ್ನು ನೋಡಲೇ ಇಲ್ಲ. ಅತ್ತೆಯ ಹಾಗೆಯೇ ಮೂಲೆ ಹಿಡಿದು ತಿರುಗಿಸಿ, ಹಿಂಭಾಗದ ಮೇಲೆ ಬೆರಳಾಡಿಸಿದರು. ಬೆರಳು ಹೋಗಿ ಬಂತು, ಮತ್ತೆ ಹೋಯಿತು, ನಿಂತಿತು.

“ಇದು ಯಾರು?” ಎಂದು ಕೇಳಿದರು.

ಏನು ಎಂದಲ್ಲ, ಯಾರು ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ನಾನಽರಿ. ನಾ ಕಿತ್ತೇನಿ,” ಎಂದು ಕನ್ನಡದಲ್ಲಿ ಹೇಳಿ, ನನ್ನ ಕಡೆ ತಿರುಗಿ, “ಇವರಿಗೆ ಹೇಳು. ಒಂದೂ ಬಿಡಬ್ಯಾಡ,” ಎಂದರು. ನಾನು ಹೇಳಿದೆ. ಜಪ, ಚಿಮಟ, ಸ್ವೆಟರು, ಹೊಸ ಕಾಲು ಹಾಕಿದ್ದು ನಾನು ಎಂಬುದು, ಎಲ್ಲಕ್ಕಿಂತ ಮೊದಲು ತಂಗಿಯ ಕತೆಯನ್ನು ಮುಚ್ಚಿಟ್ಟದ್ದೂ ನಾನೇ ಎಂಬುದು. ಹೇಳುತ್ತ ಹೇಳುತ್ತ ನನಗೇ ಅದು ನಂಬುವಂಥ ಕತೆಯಲ್ಲ ಅನ್ನಿಸಿತು.

“ಕಿತ್ತ ಉಣ್ಣೆ ಎಲ್ಲಿದೆ?”

ಸುಳ್ಳು ಹೇಳಬಹುದಿತ್ತು. “ಕಸದ ಲಾರಿಗೆ ಹೋಯಿತು, ಆಂಟಿ,” ಎಂದೆ.

ಆಂಟಿ ಅತ್ತರು. ದನಿಯೆತ್ತಿ, ಬಾಯಿ ತೆರೆದು, ಸಣ್ಣ ಮಗುವಿನ ಹಾಗೆ ಅತ್ತರು. ನಾನು ನೀರು ತಂದುಕೊಟ್ಟರೆ ಲೋಟ ದೂಡಿದರು. ಎಷ್ಟೋ ಹೊತ್ತಿನ ಮೇಲೆ ಎದ್ದು, ಡ್ರಾಯರಿನಿಂದ ಉಗುರು ಕತ್ತರಿ ತಂದು, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ, ನಾನು ಹಾಕಿದ ಗಂಟುಗಳನ್ನು ಕಿತ್ತರು. ಹತ್ತೊಂಬತ್ತನ್ನೂ. ಕಿತ್ತದ್ದನ್ನು ನನ್ನ ಕೈಗೆ ಕೊಟ್ಟರು. ಕೋಳಿಯ ಹೊಟ್ಟೆಯಿಂದ ಓರೆಯಾಗಿ ಒಂದು ಕಾಲಿನಷ್ಟೇ ಉದ್ದದ ಖಾಲಿ ಜಾಗ, ಅದರೊಳಗೆ ಮಾಸಲು ಬಿಳಿಯ ಹಾಸುದಾರಗಳು ಕಂಡವು. ಆಂಟಿ ಅವುಗಳ ಮೇಲೆ ಬೆರಳಿಟ್ಟು, “ಈ ದಾರ ಅವಳು ಮುಟ್ಟಿದ್ದು. ಇದು ಸಾಕು. ಇನ್ನು ಇದಕ್ಕೆ ಯಾರೂ ಏನೂ ಮಾಡಬೇಡಿ,” ಎಂದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಆಮೇಲೆ ಆಂಟಿ ಟೀ ಮಾಡಿದರು. ಮನೆಗೆ ಬಂದವರಿಗೆ ಟೀ ಕೊಡದಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಅತ್ತೆಯ ಎದುರಿಗೇ ಆ ತೂತು. ತೂತು ಕಂಡರೆ ಸೂಜಿ ಹುಡುಕುವ ಹೆಂಗಸು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಆಂಟಿ ಟೀ ಲೋಟಗಳನ್ನೂ ಸಕ್ಕರೆ ತುಂಡುಗಳ ಬಟ್ಟಲನ್ನೂ ತಂದಿಟ್ಟು ಎದುರಿಗೆ ಕೂತರು. ಆಗ ಅತ್ತೆ ಬಲಗೈಯನ್ನು ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಆಂಟಿಯ ಮುಂದೆ ನೆಟ್ಟಗೆ ಚಾಚಿದರು.

ನನಗೆ ಅರ್ಥವಾಯಿತು. ಅವರ ಶಾಲೆಯಲ್ಲಿ ಗಂಟು ಹಾಕಿದ ಹುಡುಗಿಯರು ಹೀಗೆಯೇ ಕೈ ಚಾಚಿ ನಿಲ್ಲಬೇಕಿತ್ತು, ಅತ್ತೆ ಅಂಗೈಗೆ ಬೆತ್ತದಲ್ಲಿ ಒಂದೊಂದು ಕೊಡುತ್ತಿದ್ದರು. ಆಂಟಿಗೆ ಅದೆಲ್ಲಿ ಗೊತ್ತು? ಚಾಚಿದ ಕೈಯನ್ನು ನೋಡಿದರು, ಅತ್ತೆಯ ಮುಖ ನೋಡಿದರು, ಬಟ್ಟಲಿನಿಂದ ಒಂದು ಸಕ್ಕರೆ ತುಂಡು ತೆಗೆದು ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು.

ಅತ್ತೆ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೆಳಗೂ ಇಡಲಿಲ್ಲ. ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯಲ್ಲಿ ಅವರ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು, ಬೆರಳ ಸಂದಿನಿಂದ ಪಾಕ ಜಿನುಗಿ ಸೀರೆಯ ಮೇಲೆ ಬೀಳುತ್ತಿತ್ತು. ನಾನು ಟಿಶ್ಯೂ ಕೊಡಲು ಹೋದೆ.

“ಬ್ಯಾಡ, ಇರ್ಲಿ,” ಎಂದರು.